ಮಾವಿನಕಾಯಿಯೂ ಕರ್ಮಣಿ ಪ್ರಯೋಗವೂ

ಇಂಗ್ಲಿಷ್ ವ್ಯಾಕರಣದಲ್ಲಿ ‘ಪ್ಯಾಸಿವ್ ವಾಯ್ಸ್’ ಎನಿಸಿಕೊಂಡಿರುವುದು ಕನ್ನಡದ ಕರ್ಮಣಿ ಪ್ರಯೋಗಕ್ಕೆ ಸಂವಾದಿಯಾದದ್ದು. ಕೆಲಸ ಮಾಡಿದವನನ್ನು, ಅಂದರೆ ಕರ್ತೃವನ್ನು, ವಾಕ್ಯದ ತಲೆಯಿಂದ ಬಾಲಕ್ಕೆ ಕಳುಹಿಸಿ, ಆ ಕೆಲಸಕ್ಕೆ ಗುರಿಯಾದ ಕರ್ಮವನ್ನು ಮುಂದಿನ ಕುರ್ಚಿಯಲ್ಲಿ ಕೂರಿಸುವುದು ಇದರ ಲಕ್ಷಣ. ‘ರಾಮ ಈಟ್ಸ್ ಎ ಮ್ಯಾಂಗೋ’ ಎಂಬ, ಕರಿಹಲಗೆಗಳಿಗೆ ಚಿರಪರಿಚಿತವಾದ ವಾಕ್ಯವನ್ನು ಹೀಗೆ ತಿರುಗಿಸಿದಾಗ ಹಣ್ಣು ಮುಂದೆ ಬರುತ್ತದೆ, ಕಾಲಕ್ಕೆ ತಕ್ಕ ‘ಈಸ್’ ಸೇರುತ್ತದೆ, ಕ್ರಿಯಾಪದವು ತನ್ನ ಮೂರನೆಯ ರೂಪವಾದ ‘ಈಟನ್’ ಆಗುತ್ತದೆ, ರಾಮನು ‘ಬೈ’ ಎಂಬ ಊರುಗೋಲು ಹಿಡಿದು ಕೊನೆಯಲ್ಲಿ ನಿಲ್ಲುತ್ತಾನೆ. ರಾಮನನ್ನು ಪೂರ್ತಿ ಬಿಟ್ಟುಬಿಟ್ಟರೂ ವಾಕ್ಯಕ್ಕೆ ಊನವಿಲ್ಲವೆಂಬುದೇ ಈ ಪ್ರಯೋಗದ ಜನಪ್ರಿಯತೆಯ ಗುಟ್ಟು.

ಕನ್ನಡದಲ್ಲಿಯೂ ಧಾತುವಿಗೆ ‘ಅಲ್ಪಡು’ ಹತ್ತಿಸಿ, ಕರ್ತೃವಿಗೆ ‘ಇಂದ’ ಎಂಬ ತೃತೀಯಾ ವಿಭಕ್ತಿ ಕೊಟ್ಟು, ‘ರಾಮನಿಂದ ಮಾವಿನಹಣ್ಣು ತಿನ್ನಲ್ಪಡುತ್ತದೆ’ ಎನ್ನಬಹುದಾದರೂ, ಮಾವಿಗೆ ಹೆಸರಾದ ಶ್ರೀನಿವಾಸಪುರದಲ್ಲಿ ಬಾದಾಮಿಯಾಗಲಿ ತೋತಾಪುರಿಯಾಗಲಿ ಈ ರೀತಿ ತಿನ್ನಲ್ಪಟ್ಟದ್ದನ್ನು ಕಂಡವರಿಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬೆಳೆಯುವ ಅಲ್ಲಿನ ಎಷ್ಟೋ ಮಕ್ಕಳಿಗೆ ತೆಲುಗಿನ ‘ತಿನಬಡಿಂದಿ’ಯಿಂದಲೂ ನೆರವಿಲ್ಲ, ಅದೂ ಪುಸ್ತಕದಲ್ಲಷ್ಟೇ ವಾಸಿಸುವ ಪ್ರಾಣಿ.

ಹಾಗೆಂದು ಕರ್ತೃವನ್ನು ಅಡಗಿಸುವ ವಿದ್ಯೆ ಆ ಮಕ್ಕಳಿಗೆ ಬಾರದೆಂದಲ್ಲ. ಪರರ ತೋಪಿನಲ್ಲಿ ಕಾಯಿಯೊಡನೆ ಸಿಕ್ಕಿಬಿದ್ದ ಹುಡುಗನು ‘ಕೆಡವಿದೆ’ ಎನ್ನುವುದಿಲ್ಲ, ‘ನನ್ನಿಂದ ಕೆಡವಲ್ಪಟ್ಟಿತು’ ಎನ್ನುವಷ್ಟು ವ್ಯಾಕರಣನಿಷ್ಠನೂ ಆಗಿರುವುದಿಲ್ಲ; ‘ಬಿದ್ದಿತ್ತಣ್ಣಾ’ ಎನ್ನುತ್ತಾನೆ. ‘ಬೀಳು’ ಎಂಬುದು ಅಕರ್ಮಕ ಧಾತು, ಎಂದರೆ ಕರ್ಮವನ್ನು ಬೇಡದ ಕ್ರಿಯೆ. ಅದಕ್ಕೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕರ್ಮಣಿ ರೂಪವಿಲ್ಲವಾದ್ದರಿಂದ, ತೋಪಿನ ಯಜಮಾನನು ಎಷ್ಟೇ ಗದರಿದರೂ ಆ ವಾಕ್ಯದೊಳಗಿಂದ ಕಳ್ಳನನ್ನು ಹೊರಗೆಳೆಯಲಾರ. ಮಾತನಾಡುವ ವ್ಯಾಕರಣದಲ್ಲಿ ಹುಡುಗನಿಗೆ ಪೂರ್ಣಾಂಕ. ಮರುದಿನದ ಪರೀಕ್ಷೆಯಲ್ಲಿ ಇವನೇ ‘ಈಸ್’ ಬರೆಯಲು ಮರೆತು ಅಂಕ ಕಳೆದುಕೊಳ್ಳುತ್ತಾನೆ.

ಇವನಿಗಿಂತಲೂ ನಿಪುಣವಾದುದು ಕಚೇರಿಯ ಕನ್ನಡ. ‘ಅರ್ಜಿಯನ್ನು ಪರಿಶೀಲಿಸಲಾಗುವುದು’ ಎಂಬ ಹಿಂಬರಹವನ್ನು ಕರ್ಮಣಿ ಎಂದು ಕರೆಯುವುದು ವಾಡಿಕೆಯಾದರೂ, ‘ಅನ್ನು’ ಎಂಬ ದ್ವಿತೀಯಾ ವಿಭಕ್ತಿಯು ಕದಲದೆ ಉಳಿದಿರುವುದರಿಂದ ಅರ್ಜಿ ಮುಂದಿನ ಕುರ್ಚಿಗೆ ಏರಿಯೇ ಇಲ್ಲ; ಪರಿಶೀಲಿಸುವವರ ಸುಳಿವಂತೂ ಮೊದಲೇ ಇಲ್ಲ. ಕುರ್ಚಿ ಖಾಲಿಯೆಂಬುದು ಇಲ್ಲಿ ವ್ಯಾಕರಣದ ಮಾತಷ್ಟೇ; ಅರ್ಜಿದಾರರು ಬೇರೆ ಅರ್ಥ ಮಾಡಿಕೊಂಡರೆ ಅದು ಅವರ ಅನುಭವ.

ಕರ್ತೃವು ಎದೆಯೆತ್ತಿ ನಿಂತ ವಾಕ್ಯವೂ ಶ್ರೀನಿವಾಸಪುರಕ್ಕೆ ಒಂದುಂಟು. ಮೊದಲು ಪಾಪನಪಲ್ಲಿ ಎನಿಸಿಕೊಂಡಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆಯಿಂದ ಮರಳುವಾಗ ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನಿಟ್ಟರೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಇಲ್ಲಿ ಪೂರ್ಣಯ್ಯನವರು ಕರ್ತೃ, ಹೆಸರು ಕರ್ಮ, ಊರು ಚತುರ್ಥೀ ವಿಭಕ್ತಿ. ಊರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.