ಆಟಕ್ಕುಂಟು ಲೆಕ್ಕಕ್ಕಿಲ್ಲ

“ಏನ್ ಮೇಷ್ಟ್ರೇ, ಬೆಳಿಗ್ಗೆಯಿಂದ ರಾಳದ ಹೊಗೆ ಬರ್ತಾ ಇದೆ. ಮನೇಲೇನು ಹೋಮಾನಾ?”

ದಾಸವಾಳದ ಬೇಲಿಯಾಚೆ ಯಜಮಾನ್ರ ತಲೆ ಮೂಡಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆ ಪಕ್ಕದಲ್ಲೇ ಸರ್ವಿಸು ಮುಗಿಸಿ ಬಂದವರು. ಎಲ್ಲಿ ಹೊಗೆ ಕಂಡರೂ ವಿಚಾರಿಸದೆ ಬಿಡುವವರಲ್ಲ. ನಾನು ಕೈಯಲ್ಲಿದ್ದ ಸೋಲ್ಡರಿಂಗ್ ಕಡ್ಡಿ ಎತ್ತಿ ತೋರಿಸಿದೆ.

“ಮೊಮ್ಮಗಳಿಗೆ ಆಟದ ಪೆಟ್ಟಿಗೆ ಮಾಡ್ತಿದೀನಿ. ಬೆಸುಗೆ ಕೆಲಸ.”

“ಎಷ್ಟು ಡಿಗ್ರಿಗೆ ಕರಗತ್ತೆ ಅದು?”

“ತವರ-ಸೀಸದ ತಂತಿ. 190ರ ಆಸುಪಾಸು.”

ಅವರು ನಕ್ಕ ರಭಸಕ್ಕೆ ಬೇಲಿ ಮೇಲಿದ್ದ ಪಿಕಳಾರ ಹಾರಿಹೋಯಿತು. “ನೂರ ತೊಂಬತ್ತಾ! ನಮ್ಮಲ್ಲಿ ಕಬ್ಬಿಣದ ರಸ ಇಳಿಯುವಾಗ ಸಾವಿರದ ನಾನೂರು ದಾಟಿರ್ತಿತ್ತು. ನೂರ ತೊಂಬತ್ತಕ್ಕೆ ನಮ್ಮನೇವ್ಳು ಚಕ್ಲಿ ಕರೀತಾಳೆ.”

1923ರಲ್ಲಿ ಮೊದಲ ಸಲ ಕಬ್ಬಿಣ ಕರಗಿಸಿದ ಊರಿನವರ ಮುಂದೆ ನನ್ನ ಬೆಸುಗೆ ಕಡ್ಡಿಗೆ ಏನು ಬೆಲೆ? ಸುಮ್ಮನಾದೆ. ಮಾಚೇನಹಳ್ಳಿಯಲ್ಲಿ ಮನೆ ಮಾಡಿದ ಮೇಲೆ ಇದೆಲ್ಲ ಅಭ್ಯಾಸವಾಗಬೇಕು. ಹೆದ್ದಾರಿಯ ಆ ಕಡೆ ಹೋದರೆ ಭದ್ರಾವತಿ, ಈ ಕಡೆ ಹೋದರೆ ಶಿವಮೊಗ್ಗ. ನಡುವೆ ಹಾಲಿನ ಡೈರಿ, ಕೆಎಸ್‌ಆರ್‌ಪಿ ಎಂಟನೇ ಬೆಟಾಲಿಯನ್, ಒಂದಿಷ್ಟು ಫೌಂಡ್ರಿ, ಗಾರ್ಮೆಂಟ್ಸು. ಶಿವಮೊಗ್ಗದವರು ನಮ್ಮನ್ನು ಭದ್ರಾವತಿ ಕಡೆಯವರು ಅನ್ನುತ್ತಾರೆ, ಭದ್ರಾವತಿಯವರು ಶಿವಮೊಗ್ಗದವರು ಅನ್ನುತ್ತಾರೆ.

ಪೆಟ್ಟಿಗೆಯ ಕಥೆ ಶುರುವಾದದ್ದು ಒಂದು ಮಧ್ಯಾಹ್ನ. ಬೇಸಿಗೆ ರಜಕ್ಕೆ ಬೆಂಗಳೂರಿನಿಂದ ಬಂದ ಮೊಮ್ಮಗಳು, ಏಳನೇ ಕ್ಲಾಸು, ಮೊಬೈಲಿನಲ್ಲಿ ಏನೋ ಆಡುತ್ತಿದ್ದಳು. ಆಟ ನಿಲ್ಲಿಸಿ ಯಾವುದೋ ಸೋಪಿನ ಜಾಹೀರಾತು ನೋಡುತ್ತ ಕೂತಳು. ಯಾಕೆ ಅಂದೆ. “ಇನ್ನೊಂದು ಜೀವ ಬೇಕಂದ್ರೆ ನೋಡ್ಲೇಬೇಕು ಅಜ್ಜ.” ಯಾರಮ್ಮ ಈ ಕಟ್ಟಳೆ ಮಾಡಿದ್ದು? “ಅದು ಹಾಗೇನೇ.”

ಆ ‘ಹಾಗೇನೇ’ ನನಗೆ ಮುಳ್ಳಿನ ಹಾಗೆ ಚುಚ್ಚಿತು. ನಾವು ಲಗೋರಿ ಆಡುವಾಗ ಅರ್ಧ ಹೊತ್ತು ಹೋಗುತ್ತಿದ್ದುದೇ ಜಗಳಕ್ಕೆ. ಮೇಲಿನ ಕೇರಿಯಲ್ಲಿ ಚೆಂಡು ಚರಂಡಿಗೆ ಬಿದ್ದರೆ ಔಟು, ಕೆಳಗಿನ ಕೇರಿಯಲ್ಲಿ ಅಲ್ಲ. ಚೌಕಾಬಾರದಲ್ಲಿ ಅಜ್ಜಿಯೇ ಮೋಸ ಮಾಡುತ್ತಿದ್ದಳು. ಸಿಕ್ಕಿಬಿದ್ದರೆ ‘ನಮ್ಮ ತವರಲ್ಲಿ ಹೀಗೇ’ ಅನ್ನುತ್ತಿದ್ದಳು. ಮೊಬೈಲಿನ ಜೊತೆ ಹಾಗೆ ಜಗಳ ಆಡೋದು ಹೇಗೆ? ಅದಕ್ಕೆ ತವರೂ ಇಲ್ಲ, ಕೇರಿಯೂ ಇಲ್ಲ. ಜಗಳ ಆಡಬಹುದಾದ ಒಂದು ಆಟ ಮನೆಯಲ್ಲೇ ಮಾಡೋಣ ಅಂತ ಅಟ್ಟದ ಮೇಲಿದ್ದ ಡಬ್ಬಿ ಇಳಿಸಿದೆ. ವಿಜ್ಞಾನದ ಮೇಷ್ಟ್ರಾಗಿದ್ದಾಗ ಹುಡುಗರಿಗೆ ತೋರಿಸಲು ತಂದಿಟ್ಟಿದ್ದ ಆರ್ಡುಯಿನೊ ಬೋರ್ಡು ಅದರಲ್ಲಿತ್ತು.

“ಅದ್ಯಾವ ಹೆಸರು ಮೇಷ್ಟ್ರೇ?” ಅಂದರು ಯಜಮಾನ್ರು.

ಇಟಲಿಯ ಇವ್ರಿಯಾ ಅನ್ನೋ ಊರಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ಇದನ್ನು ಮಾಡಿದರು, ಮಾಡಿದವರು ಕೂಡುತ್ತಿದ್ದ ಬಾರಿನ ಹೆಸರನ್ನೇ ಇಟ್ಟರು, ಬಾರಿಗೆ ಆ ಹೆಸರು ಒಬ್ಬ ಹಳೆಯ ರಾಜನಿಂದ ಬಂದದ್ದು ಅಂದೆ. ಆ ಊರು ಒಲಿವೆಟ್ಟಿ ಟೈಪ್‌ರೈಟರ್ ಕಂಪನಿಯ ತವರು. ಒಂದೇ ಕಾರ್ಖಾನೆಯನ್ನು ನಂಬಿ ಬೆಳೆದ ಊರು. ಯಜಮಾನ್ರು ಒಂದು ಗಳಿಗೆ ಮಾತಾಡಲಿಲ್ಲ. “ಟೈಪ್‌ರೈಟರ್ ಕಾಲ ಮುಗೀತು. ಆಮೇಲೆ ಇದು ಹುಟ್ಟಿತು ಅನ್ನಿ” ಅಂದರು. ಹೂಂ ಅಂದೆ. ಬೇರೆ ಮಾತಿಗೆ ಹೋದೆವು.

ಬೋರ್ಡಿನ ನಡುವೆ ಜರಿಹುಳದ ಹಾಗೆ ಕಾಲು ಚಾಚಿ ಕೂತಿರುವ ಕಪ್ಪು ಚಿಪ್ಪೇ ಮೈಕ್ರೋಕಂಟ್ರೋಲರ್. ಹೆಸರು ಎಟಿಮೆಗಾ328ಪಿ. ಕಾರ್ಯಕ್ರಮ ಬರೆದಿಡಲು 32 ಕಿಲೋಬೈಟ್ ಜಾಗ, ಆಡುವಾಗ ನೆನಪಿಟ್ಟುಕೊಳ್ಳಲು ಬರೀ 2. ಯಜಮಾನ್ರಿಗೆ ಅರ್ಥವಾಗಲೆಂದು ಹೇಳಿದೆ, “ನೀವು ದಿನಾ ಕಳಿಸ್ತೀರಲ್ಲ ಶುಭೋದಯದ ಗುಲಾಬಿ ಹೂವು, ಅದರಲ್ಲಿ ಒಂದೂ ಇದರೊಳಗೆ ಹಿಡಿಯಲ್ಲ.” ಮಾರನೆಯ ದಿನದಿಂದ ಅವರು ಹೂವಿನ ಬದಲು ದೇವರ ಫೋಟೊ ಕಳಿಸುತ್ತಿದ್ದಾರೆ. ಅದೂ ಹಿಡಿಯುವುದಿಲ್ಲ.

ಆಟ ಯಾವುದು ಅನ್ನೋದಕ್ಕೆ ಹೆಚ್ಚು ಯೋಚಿಸಲಿಲ್ಲ. ಡೈರಿ ಇರುವ ಊರು. ಮೇಲಿಂದ ಹಾಲಿನ ಪ್ಯಾಕೆಟ್ ಬೀಳುತ್ತವೆ, ಕೆಳಗೆ ಬುಟ್ಟಿ ಹಿಡಿಯಬೇಕು. ಮೂರು ನೆಲಕ್ಕೆ ಬಿದ್ದರೆ ಆಟ ಮುಗೀತು. ಎಂಟಕ್ಕೆಂಟು ಕೆಂಪು ದೀಪಗಳ ಬಿಲ್ಲೆ ನಾಲ್ಕನ್ನು ಒಂದರ ತಲೆ ಮೇಲೊಂದು ನಿಲ್ಲಿಸಿದೆ. ಒಟ್ಟು 256 ದೀಪ. ನಿಜಕ್ಕೂ ಅಷ್ಟೂ ಒಟ್ಟಿಗೆ ಉರಿಯುವುದಿಲ್ಲ. ಪ್ರತಿ ಬಿಲ್ಲೆಯ ಹಿಂದಿರುವ ಮ್ಯಾಕ್ಸ್7219 ಚಿಪ್ಪು ಒಂದೊಂದೇ ಸಾಲು ಹೊತ್ತಿಸಿ ಆರಿಸುತ್ತ ಸೆಕೆಂಡಿಗೆ ನೂರಾರು ಸುತ್ತು ಬರುತ್ತದೆ. ಕೊಳ್ಳಿ ತಿರುಗಿಸಿದರೆ ಬೆಂಕಿಯ ಬಳೆ ಕಾಣುವುದಿಲ್ಲವೇ, ಹಾಗೆ. ಹಳೆ ತೇಗದ ಡ್ರಾಯರು ಪೆಟ್ಟಿಗೆಯಾಯಿತು. ಗುಂಡಿಗಳಿಗೆ ಎರಡು ಕಾಲಿಂಗ್ ಬೆಲ್ ಸ್ವಿಚ್ಚು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಸಲಿ ಆರ್ಕೇಡ್ ಗುಂಡಿ ಸಿಗುತ್ತವೆ ನಿಜ. ಆದರೆ ಎರಡು ಗುಂಡಿಗೆ ಅಲ್ಲಿವರೆಗೆ ಯಾರು ಹೋಗುತ್ತಾರೆ?

ಮೊದಲ ದಿನವೇ ಪೇಚು. ಎಡಗುಂಡಿ ಒಮ್ಮೆ ಒತ್ತಿದರೆ ಬುಟ್ಟಿ ನಾಲ್ಕು ಮನೆ ಓಡುತ್ತಿತ್ತು. ಸ್ವಿಚ್ಚಿನೊಳಗಿನ ತಗಡು ಕೂಡುವಾಗ ಒಂದೇ ಸಲ ಕೂಡುವುದಿಲ್ಲ, ಕೆಲವು ಮಿಲಿಸೆಕೆಂಡು ಚೆಂಡಿನ ಹಾಗೆ ಪುಟಿಯುತ್ತದೆ. ಮನೆಯ ಗಂಟೆಗೆ ಅದರ ಗೊಡವೆಯಿಲ್ಲ. ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುವ ಈ ಚಿಪ್ಪು ಮಾತ್ರ ಒಂದೊಂದು ಪುಟಿತವನ್ನೂ ಎಣಿಸುತ್ತದೆ.

“ಒಂದ್ಸಲ ಒತ್ತಿದ್ರೆ ನಾಲ್ಕಾ?” ಯಜಮಾನ್ರ ಕಣ್ಣರಳಿತು. “ಎಲೆಕ್ಷನ್ನಲ್ಲಿ ಹಿಂಗಾದ್ರೆ?”

ಚುನಾವಣೆ ಡ್ಯೂಟಿ ಮಾಡಿದ ಮೇಷ್ಟ್ರ ಹತ್ತಿರ ಇದನ್ನು ಕೇಳಬಾರದು. ಅರ್ಧ ಗಂಟೆ ಪಾಠ ಗ್ಯಾರಂಟಿ. ನಮ್ಮ ಮತಯಂತ್ರಗಳನ್ನು ಮಾಡುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್. ಒಂದು ಮತ ಬಿದ್ದ ಮೇಲೆ ಮತಗಟ್ಟೆಯ ಅಧಿಕಾರಿ ತನ್ನ ಕಂಟ್ರೋಲ್ ಯೂನಿಟ್ಟಿನ ಗುಂಡಿ ಮತ್ತೆ ಒತ್ತುವ ತನಕ ಮತದಾರನ ಕಡೆಯ ಪೆಟ್ಟಿಗೆ ಕಿವುಡು. ನೀವು ಹತ್ತು ಸಲ ಒತ್ತಿ, ನೂರು ಸಲ ಒತ್ತಿ, ಒಂದೇ. ನಾನೂ ಅದೇ ಮದ್ದು ಹಾಕಿದೆ: ಒಮ್ಮೆ ಒತ್ತಿದ ಮೇಲೆ 20 ಮಿಲಿಸೆಕೆಂಡು ಪೆಟ್ಟಿಗೆ ಕಿವುಡು. ಬುಟ್ಟಿ ದಾರಿಗೆ ಬಂತು.

ಆಮೇಲೆ ಅಕ್ಷರದ ತೊಂದರೆ. ಆಟ ಮುಗಿದಾಗ ಪೆಟ್ಟಿಗೆ ಕನ್ನಡದಲ್ಲೇ ಮಾತಾಡಬೇಕು ಅಂತ ಮೊಮ್ಮಗಳ ಹಟ. ಚೌಕಳಿ ಹಾಳೆಯಲ್ಲಿ ಎಂಟಕ್ಕೆಂಟು ಮನೆ ಗೆರೆ ಹಾಕಿ ಅಕ್ಷರ ತುಂಬಿದಳು. ‘ಸೋತೆ’ ಸ್ವಲ್ಪ ಸೊಟ್ಟಗಾದರೂ ಕೂತಿತು. ‘ಗೆದ್ದೆ’ ಏನು ಮಾಡಿದರೂ ಕೂರಲಿಲ್ಲ. ಒತ್ತಕ್ಷರಕ್ಕೆ ಕೆಳಗೆ ಜಾಗವೇ ಇಲ್ಲ. ಸೋತವರಿಗೆ ಹೇಳುವ ಬಾಯಿದೆ, ಗೆದ್ದವರಿಗೆ ಹೇಳಲು ಇಲ್ಲ ಅನ್ನುವಂತಾಯಿತು. ಎರಡು ದಿನ ತಲೆ ಕೆರೆದುಕೊಂಡೆವು. ಕೊನೆಗೆ ಬೇಲಿಯಾಚೆಯಿಂದ ಯಜಮಾನ್ರೇ ಯಕ್ಷಗಾನದ ಭಾಗವತರ ಧಾಟಿಯಲ್ಲಿ ಕೂಗಿದರು: “ಭಲೇ ಅಂತ ಹಾಕಿ ಮೇಷ್ಟ್ರೇ!” ಒತ್ತಿಲ್ಲ, ಎರಡೇ ಅಕ್ಷರ. ಕೂತಿತು.

ಮೂರನೇ ದಿನ ಹುಡುಗಿ 60 ಅಂಕ ಹೊಡೆದಳು. ನನಗೆ 12 ದಾಟುತ್ತಿರಲಿಲ್ಲ. ಎಳೆ ಬೆರಳಿನ ಚುರುಕು ಅಂದುಕೊಂಡು ಊರಿಗೆಲ್ಲ ಹೇಳಿಕೊಂಡು ಬಂದೆ. ಸಂಜೆ ನೋಡಿದರೆ ಅವಳು ಪರದೆಯನ್ನೇ ನೋಡದೆ ಆಡುತ್ತಿದ್ದಾಳೆ! ಬಾಯಲ್ಲಿ ಮಗ್ಗಿಯ ಹಾಗೆ “ಎಡ ಎಡ ಬಲ, ನಡು, ಬಲ ಬಲ...” ಪ್ಯಾಕೆಟ್ ಎಲ್ಲಿ ಬೀಳಬೇಕು ಅನ್ನುವುದನ್ನು ಚಿಪ್ಪು ಯದೃಚ್ಛೆಯಿಂದ ಆರಿಸುತ್ತದೆ ಅಂತ ನಾನು ನಂಬಿದ್ದೆ. ಅದು ಆರಿಸುವುದು ಒಂದು ಲೆಕ್ಕದ ಸರಣಿಯಿಂದ. ಅದೇ ಬೀಜ ಹಾಕಿದರೆ ಅದೇ ಬೆಳೆ; ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಅದೇ ಸಾಲು ಮೊದಲಿಂದ ಶುರು. ಮೂರು ದಿನ ನನಗೆ ಹೊಳೆಯದ್ದು ಅವಳಿಗೆ ಎರಡನೇ ದಿನವೇ ಹೊಳೆದಿತ್ತು. ಮೊಬೈಲ್ ಆಡುವಾಗ ಇವಳು ‘ಅದು ಹಾಗೇನೇ’ ಅಂದವಳು.

ಪರಿಹಾರ ಸುಲಭ. ಆಡುವವರು ಮೊದಲ ಸಲ ಗುಂಡಿ ಒತ್ತುವ ಕ್ಷಣವನ್ನು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಲೆಕ್ಕದಲ್ಲಿ ಹಿಡಿದು, ಆ ಸಂಖ್ಯೆಯನ್ನೇ ಬೀಜ ಮಾಡಿದೆ.

“ಅಂದ್ರೆ ಯಾವ ಗಳಿಗೇಲಿ ಒತ್ತಿದ್ವೋ ಅದರ ಮೇಲೆ ಮುಂದಿನ ಹಣೆಬರಹ” ಅಂದರು ಯಜಮಾನ್ರು. “ಜಾತಕ ಅನ್ನಿ ಮತ್ತೆ.”

ಎಲ್ಲ ತಪ್ಪನ್ನೂ ತಿದ್ದಬೇಕಾಗಿಲ್ಲ ಅಂತ ಹೇಳಿ ನಾನು ಸ್ವಲ್ಪ ಬಚಾವಾಗಲು ನೋಡಿದೆ. 1972ರಲ್ಲಿ ಅಟಾರಿ ಕಂಪನಿಗೆ ಆಲ್ ಆಲ್ಕಾರ್ನ್ ಮಾಡಿಕೊಟ್ಟ ‘ಪಾಂಗ್’ ಆಟದಲ್ಲಿ ದಾಂಡು ಪರದೆಯ ತುದಿ ಮುಟ್ಟುತ್ತಿರಲಿಲ್ಲ. ಆತ ತಿದ್ದಲಿಲ್ಲ, ತಿದ್ದಿದ್ದರೆ ಪಳಗಿದವರು ಸೋಲುತ್ತಲೇ ಇರಲಿಲ್ಲ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾದೊ ಮಾಡಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ವೈರಿಗಳು ಸತ್ತ ಹಾಗೆಲ್ಲ ಉಳಿದವರು ಜೋರಾಗಿ ಓಡುತ್ತಾರೆ. ಅದೇನು ತಂತ್ರವಲ್ಲ, ಬಿಡಿಸಬೇಕಾದ ಚಿತ್ರ ಕಮ್ಮಿಯಾದಂತೆ ಚಿಪ್ಪಿನ ಹೊರೆ ಇಳಿದು ಆಟ ಚುರುಕಾಗುತ್ತಿತ್ತು. ಅದು ಚೆಂದ ಕಂಡಿತು, ಹಾಗೇ ಬಿಟ್ಟ. ಮೊಮ್ಮಗಳು ಪೂರ್ತಿ ಕೇಳಿಸಿಕೊಂಡಳು. “ಅಜ್ಜ, ಅವರದ್ದು ಯೋಚನೆ ಮಾಡಿ ಬಿಟ್ಟಿದ್ದು. ನಿಮ್ಮದು ಸೋಮಾರಿತನ.”

ಅಲ್ಲಿಂದ ಮುಂದೆ ಯಜಮಾನಿಕೆ ಅವಳದ್ದೇ. ಕರೆಂಟು ಹೋದರೆ ಅಂಕ ಅಳಿಸಿ ಹೋಗಬಾರದು ಅಂದಳು. ಚಿಪ್ಪಿನ ಮೂಲೆಯಲ್ಲಿ ಕರೆಂಟಿಲ್ಲದೆಯೂ ನೆನಪಿಡುವ 1 ಕಿಲೋಬೈಟ್ ಜಾಗದಲ್ಲಿ ಬರೆದಿಟ್ಟೆ. ‘ಟೈಂ ಪ್ಲೀಸ್’ ಗುಂಡಿ ಬೇಕು ಅಂದಳು. ಮೂರನೇ ಬೆಲ್ ಸ್ವಿಚ್ಚು ಬಂತು. ಒಮ್ಮೆಗೆ ಎಷ್ಟು ಸಲ ಟೈಂ ಪ್ಲೀಸ್ ಕೇಳಬಹುದು ಅನ್ನುವುದಕ್ಕೆ ನನಗೂ ಅವಳಿಗೂ ಒಂದು ಇಡೀ ಸಂಜೆ ಜಗಳ. ಕೇಳಲು ಎಷ್ಟು ಹಿತವಾಗಿತ್ತು ಗೊತ್ತಾ!

ಯಜಮಾನ್ರ ಮೊಮ್ಮಗ, ನಾಲ್ಕು ವರ್ಷದವನು, ತಾನೂ ಆಡಬೇಕು ಅಂತ ಬಂದು ಮೂರೇ ಉಸಿರಿಗೆ ಸೋತು ರಂಪ ಮಾಡಿದ. ಮೊಮ್ಮಗಳು ಕಂಪ್ಯೂಟರ್ ಎಳೆದುಕೊಂಡು ತಾನೇ ಎರಡು ಸಾಲು ಸೇರಿಸಿದಳು. ಟೈಂ ಪ್ಲೀಸ್ ಗುಂಡಿ ಒತ್ತಿಕೊಂಡೇ ಪೆಟ್ಟಿಗೆ ಚಾಲೂ ಮಾಡಿದರೆ ಪ್ಯಾಕೆಟ್ ಬೀಳುತ್ತವೆ, ಬುಟ್ಟಿ ಓಡುತ್ತದೆ, ಸೋಲು ಮಾತ್ರ ಇಲ್ಲ, ಅಂಕವೂ ಇಲ್ಲ. ಆಟಕ್ಕುಂಟು ಲೆಕ್ಕಕ್ಕಿಲ್ಲ! ಲಗೋರಿಯಲ್ಲಿ ಚಿಕ್ಕ ತಮ್ಮಂದಿರಿಗೆ ನಾವು ಕೊಡುತ್ತಿದ್ದ ಅದೇ ಸ್ಥಾನ. ಅವಳಿಗೆ ಇದನ್ನು ನಾನು ಹೇಳಿಕೊಟ್ಟದ್ದಲ್ಲ. ಯಜಮಾನ್ರೂ ಯಾರೂ ನೋಡದಾಗ ಅದೇ ಗುಂಡಿ ಒತ್ತಿಕೊಂಡು ಆಡುತ್ತಾರೆ, ನಾನು ಕಂಡಿದ್ದೇನೆ.

ಶಾಲೆ ಶುರುವಾಗಿ ಹುಡುಗಿ ಬೆಂಗಳೂರಿಗೆ ಹೋದಳು. ಮಗ್ಗಿ ಇಲ್ಲದೆ ಅವಳು ಹೊಡೆದ ಅತಿ ಹೆಚ್ಚಿನ ಅಂಕ 41. ಪೆಟ್ಟಿಗೆ ನಮ್ಮ ಜಗುಲಿಯಲ್ಲೇ ಇದೆ. ಮೊನ್ನೆ ಸ್ವಿಚ್ ಹಾಕಿದರೆ 74 ತೋರಿಸಿತು. ನನ್ನದಂತೂ ಅಲ್ಲ. ಯಜಮಾನ್ರನ್ನು ಕೇಳಿದೆ, ದೇವರಾಣೆ ತಾನಲ್ಲ ಅಂದರು. ಅಷ್ಟರಲ್ಲಿ ಅವರ ಮನೆಯ ಅಕ್ಕಾವ್ರು ಕರಿಬೇವು ಕೀಳಲು ನಮ್ಮ ಅಂಗಳಕ್ಕೆ ಬಂದರು. ಎರಡೆಸಳು ಕಿತ್ತರು, ಪೆಟ್ಟಿಗೆ ಕಡೆ ಒಂದು ಸಲ ನೋಡಿದರು, “ಹಾಲು ಒಂಚೂರು ನಿಧಾನಕ್ಕೆ ಬೀಳ್ತವೆ ಮೇಷ್ಟ್ರೇ” ಅಂದು ಹೋದರು.

ರಾತ್ರಿ ಮೊಮ್ಮಗಳಿಗೆ ಫೋನ್ ಮಾಡಿ ಹೇಳಿದೆ. ದಸರಾ ರಜಕ್ಕೆ ಬರುತ್ತಾಳಂತೆ.