ವಿಳಾಸದಾರಿದ್ರ್ಯ ಮೀಮಾಂಸೆ

ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ 1970ರಲ್ಲಿ ಹೊರತಂದ ಪಿಡಿಪಿ-11 ಮಿನಿಕಂಪ್ಯೂಟರಿನ ವಿಳಾಸಕ್ಕೆ 16 ಬಿಟ್. 64 ಕಿಲೋಬೈಟ್, ಅಂದರೆ 65,536 ಬೈಟ್‌ಗಳಾಚೆಗಿನ ಪ್ರಪಂಚ ಅದರ ಪಾಲಿಗೆ ಅವಾಚ್ಯ, ಅಗೋಚರ. ಈ ಮಿತಿಯಿಂದ ಹುಟ್ಟಿದ ಮತಪಂಥಗಳೇ ಪ್ರಸ್ತುತ ಪ್ರಬಂಧದ ವಿಷಯ. ವಿದ್ವಾಂಸರು ಇದುವರೆಗೂ ಇದನ್ನು ಎಂಜಿನಿಯರಿಂಗ್ ಎಂದು ತಪ್ಪು ತಿಳಿದಿದ್ದಾರೆ.

ಮೊದಲಿಗೆ, ಮೇಲ್ತುದಿಯ 8 ಕಿಲೋಬೈಟ್ ಡಿಸ್ಕ್, ಟರ್ಮಿನಲ್ ಮುಂತಾದ ಸಾಧನದೇವತೆಗಳಿಗೆ ಉಂಬಳಿ. ಭಕ್ತನಾದ ಪ್ರೋಗ್ರಾಮಿಗೆ ಉಳಿದದ್ದು 56.

ಅದ್ವೈತಿಗಳ ಪ್ರಕಾರ ಆಜ್ಞೆಯೂ ದತ್ತಾಂಶವೂ ಒಂದೇ ಮೆಮೊರಿಯಲ್ಲಿ ನೆಲೆಸಿದ ಒಂದೇ ತತ್ತ್ವ. ದತ್ತಾಂಶವನ್ನೇ ಆಜ್ಞೆಯೆಂದು ಭ್ರಮಿಸಿ ಪ್ರೋಗ್ರಾಮ್ ಕುಸಿದುಬಿದ್ದರೆ ಅದು ದೋಷವಲ್ಲ, ಸಾಕ್ಷಾತ್ಕಾರ. 11/45 ಮಾದರಿಯೊಂದಿಗೆ ದ್ವೈತ ತಲೆಯೆತ್ತಿತು: ಆಜ್ಞೆಗೆ 64, ದತ್ತಾಂಶಕ್ಕೆ 64, ಎರಡಕ್ಕೂ ನಿತ್ಯಭೇದ. ಉಡುಪಿಯಲ್ಲಿ ಐದು ಭೇದ ಹೇಳುತ್ತಾರೆ. ಮೆಸಾಚುಸೆಟ್ಸ್‌ನ ಈ ಕಂಪನಿಯವರು ಒಂದಕ್ಕೇ ಸುಸ್ತಾದರು.

ಮೂರನೆಯವರು ಪುನರ್ಜನ್ಮವಾದಿಗಳು. ಓವರ್‌ಲೇ ಎಂಬ ಇವರ ಆಚರಣೆಯಲ್ಲಿ ಒಂದು ಸಬ್‌ರೂಟೀನ್ ಕಣ್ಮುಚ್ಚುತ್ತಲೇ ಡಿಸ್ಕಿನಿಂದ ಇನ್ನೊಂದು ಬಂದು ಅದೇ ವಿಳಾಸದಲ್ಲಿ ಅವತರಿಸುತ್ತದೆ. ಯಾರ ಜಾಗದಲ್ಲಿ ಯಾರು ಹುಟ್ಟಬೇಕೆಂಬ ವಂಶವೃಕ್ಷವನ್ನು ಪ್ರೋಗ್ರಾಮರನೇ ಬರೆಯಬೇಕು. ಅದರಲ್ಲಿ ಎಡವಿದರೆ, ಹೋದ ಮಗ ಕೆಲಸ ಮುಗಿಸಿ ಮನೆಗೆ ಮರಳುವ ಹೊತ್ತಿಗೆ ಕಳಿಸಿದ ತಂದೆಯೇ ಇರುವುದಿಲ್ಲ.

ಇನ್ನು ಮಾಯೆ. 1975ರ 11/70ರಲ್ಲಿ ಭೌತಿಕ ವಿಳಾಸ 22 ಬಿಟ್, ಮೆಮೊರಿ 4 ಮೆಗಾಬೈಟ್‌ವರೆಗೆ. ಪ್ರೋಗ್ರಾಮಿನ ಬಾಯಲ್ಲಿ ಮಾತ್ರ ಅದೇ 16 ಬಿಟ್. ಮೆಮೊರಿ ಮ್ಯಾನೇಜ್‌ಮೆಂಟ್ ಯೂನಿಟ್ ತೋರಿಸುವ, ತಲಾ 8 ಕಿಲೋಬೈಟಿನ ಎಂಟು ಪುಟಗಳನ್ನೇ ಅದು ಜಗತ್ತೆಂದು ನಂಬಬೇಕು. (ಕಾಸು ಕೊಟ್ಟು 4 ಮೆಗಾಬೈಟ್ ಕೊಂಡವನ ಮುಂದೆ ಈ ವೇದಾಂತ ಬಿಚ್ಚಲು ಮಾರಾಟಗಾರನಿಗೆ ಎಂಥ ಗುಂಡಿಗೆ ಬೇಕಿತ್ತೋ!)

ಕೊನೆಗೆ ಆಚಾರ್ಯರೇ ಬಾಯಿಬಿಟ್ಟರು. ವಿನ್ಯಾಸದಲ್ಲಿ ಚೇತರಿಸಿಕೊಳ್ಳುವುದಕ್ಕೆ ಕಷ್ಟವಾದ ತಪ್ಪೆಂದರೆ ವಿಳಾಸದ ಬಿಟ್‌ಗಳಲ್ಲಿ ಜಿಪುಣತನ ಮಾಡುವುದು ಎಂಬರ್ಥದಲ್ಲಿ ಕಂಪನಿಯವರೇ ಆದ ಗಾರ್ಡನ್ ಬೆಲ್ ಮತ್ತು ವಿಲಿಯಂ ಸ್ಟ್ರೆಕರ್ 1976ರಲ್ಲಿ ಬರೆದರು. ಮರುವರ್ಷ ವ್ಯಾಕ್ಸ್ ಎಂಬ ಹೊಸ ಕಂಪ್ಯೂಟರ್ ಬಂತು, ಪ್ರಾಯಶ್ಚಿತ್ತವನ್ನು ಹೆಸರಿನಲ್ಲೇ ಹೊತ್ತು: ವರ್ಚುವಲ್ ಅಡ್ರೆಸ್ ಎಕ್ಸ್‌ಟೆನ್ಷನ್. 32 ಬಿಟ್, 4 ಗಿಗಾಬೈಟ್. ಅದರಲ್ಲೂ ಮೇಲರ್ಧ ಸಿಸ್ಟಮ್ಮಿನದು. ಉಂಬಳಿ ತಪ್ಪಲಿಲ್ಲ, ಎಕರೆ ಹೆಚ್ಚಿತು.

1992ರಲ್ಲಿ ಅದೇ ಕಂಪನಿ ಆಲ್ಫಾ ಪ್ರೊಸೆಸರಿನ ಮೂಲಕ 64 ಬಿಟ್‌ಗಳ ಮೋಕ್ಷ ಘೋಷಿಸಿತು. ಮೊದಲ ಚಿಪ್ಪು ವರ್ಚುವಲ್ ವಿಳಾಸಕ್ಕೆ ನಿಜಕ್ಕೂ ಬಳಸಿದ್ದು 43. ಉಳಿದ 21 ಬಿಟ್‌ಗಳು ಶಿಷ್ಯವೃಂದ. 43ನೆಯದು ಏನೆಂದಿತೋ ಅದನ್ನೇ ಅನ್ನಬೇಕು, ಬೇರೆ ಅಂದರೆ ವಿಳಾಸವೇ ಅಸಿಂಧು.