ನಾನೂ ಕುರ್ಚಿಗೆ ಅಂಟಿಕೊಂಡೆ

ವಾಸ್ತುಶಿಲ್ಪಿ ಲೆ ಕಾರ್ಬೂಸಿಯೇಯ ದಾಯಾದಿ ಪಿಯರ್ ಜಾನ್ನರೆ ಚಂಡೀಗಢದ ಸರ್ಕಾರಿ ಕಚೇರಿಗಳಿಗೆಂದು ರೂಪಿಸಿದ ತೇಗದ ಕುರ್ಚಿಗಳು ಗುಮಾಸ್ತರ ಭಾರ ಹೊತ್ತು ಹೊತ್ತು ಮುರಿದು ಗುಜರಿ ಸೇರಿದ್ದವು. ಈಗ ಅವೇ ವಿದೇಶದ ಹರಾಜಿನಲ್ಲಿ ಲಕ್ಷಗಟ್ಟಲೆ ಬಾಳುತ್ತವೆ. ಇದನ್ನು ಓದಿದ ದಿನದಿಂದ ನಮ್ಮ ಮನೆಯ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಲು ನನಗೆ ನಾಚಿಕೆಯಾಗತೊಡಗಿತು. ಮನೆಯಲ್ಲಿ ಒಂದಾದರೂ ಕಲಾಕೃತಿ ಇರಬೇಕು, ಅದರ ಮೇಲೆ ಕೂತು ಕಾಫಿ ಕುಡಿಯುವಂತಿರಬೇಕು ಅಂತ ಹೆಂಡತಿಗೆ ಹೇಳಿದೆ. ಅವಳಿಗೆ ಹೇಳದೆ ಉಳಿಸಿಕೊಂಡ ಆಸೆ ಬೇರೆ: ಬಂದವರು "ಇದೇನ್ ಸಾರ್ ಇದು?" ಅನ್ನಬೇಕು, ನಾನು ಅರ್ಧ ಗಂಟೆ ಕೊರೆಯಬೇಕು.

ಆರಿಸಿಕೊಂಡದ್ದು ಹೆರಿಟ್ ರೀಟ್‌ಫೆಲ್ಟ್‌ನ ಕೆಂಪು-ನೀಲಿ ಕುರ್ಚಿ. ರೀಟ್‌ಫೆಲ್ಟ್ ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಊರಿನವನು, ಬಡಗಿಯ ಮಗ. 1918ರ ಸುಮಾರಿಗೆ ಬಣ್ಣವಿಲ್ಲದೆ ಮಾಡಿದ್ದಕ್ಕೆ 1923ರ ಹೊತ್ತಿಗೆ ಬಣ್ಣ ಬಂತು. ಒರಗುವ ಹಲಗೆ ಕೆಂಪು, ಕೂರುವ ಹಲಗೆ ನೀಲಿ, ರೀಪುಗಳು ಕಪ್ಪು, ರೀಪಿನ ತುದಿಗಳಷ್ಟೇ ಹಳದಿ. ರೀಪುಗಳು ಒಂದರೊಳಗೊಂದು ಕೂರುವುದಿಲ್ಲ. ಪಕ್ಕದಲ್ಲಿ ತಾಗಿಕೊಂಡು ತಮ್ಮ ಪಾಡಿಗೆ ಮುಂದೆ ಚಾಚಿಕೊಳ್ಳುತ್ತವೆ. ಒಳಗೆ ಅಡಗಿದ ಮರದ ಗೂಟ ಅವನ್ನು ಹಿಡಿದಿರುತ್ತದೆ.

ಇಂಥದ್ದೇ ಒಂದು ಮಾಡಿಕೊಡಿ ಎಂದು ನಾನು ತೋರಿಸಿದ ಫೋಟೋ ನೋಡಿ ನಮ್ಮ ಬಡಗಿ ಆಚಾರ್ರು ಕನ್ನಡಕ ಹಣೆಗೇರಿಸಿದರು. "ಕಚ್ಚು ಹಾಕೋದು ಮರ್ತಿದಾನೆ ಸಾರ್."

"ಮರೆತಿಲ್ಲ ಆಚಾರ್ರೇ, ಅದೇ ಕಲೆ."

"ಹಂಗಾದ್ರೆ ನಮ್ಮ ಹೊಸ ಹುಡುಗ ಭಾರಿ ಕಲಾವಿದ ಬಿಡಿ."

ಪಾಪ, ರೀಟ್‌ಫೆಲ್ಟ್ ಹೊರಟದ್ದು ಸಾಮಿಲ್ಲಿನಲ್ಲಿ ಸಿಗುವ ಮಾಮೂಲಿ ಅಳತೆಯ ಮರದಲ್ಲಿ, ಯಂತ್ರದಿಂದ ಸುಲಭಕ್ಕೆ ಮಾಡಬಹುದಾದ ಕುರ್ಚಿಗೆ. ನಾನು ಅಜ್ಜನ ಕಾಲದ ತೇಗದ ಮಂಚ ಬಿಚ್ಚಿಸಿದೆ. ಮಾವ ಬಂದಾಗಲೆಲ್ಲ ಮಲಗುತ್ತಿದ್ದ ಮಂಚ ಅದು. "ಅಪ್ಪ ಬಂದ್ರೆ?" ಅಂದಳು ಹೆಂಡತಿ. ಕಲೆಯ ಮುಂದೆ ಅಪ್ಪ ಯಾವ ಲೆಕ್ಕ ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಬಣ್ಣ ಮಾತ್ರ ನಾನೇ ಬಳಿಯುತ್ತೇನೆಂದು ಹಟ ಹಿಡಿದೆ. "ಮಳೆಗಾಲ ಸಾರ್, ಎನಾಮಲ್ ಬೇಗ ಒಣಗಲ್ಲ, ತೆಳ್ಳಗೆ ಎರಡು ಕೋಟ್ ಹೊಡೀರಿ" ಅಂದರು ಆಚಾರ್ರು. ಎರಡು ಸಲ ಬಗ್ಗುವವರಾರು? ದೋಸೆಗೆ ಬೆಣ್ಣೆ ಸವರಿದಂತೆ ದಪ್ಪಗೆ ಒಂದೇ ಕೋಟ್ ಮೆತ್ತಿದೆ.

ಮೂರನೆಯ ದಿನ ಮಾವ ಬಂದರು. ಕುರ್ಚಿಯನ್ನು ಒಂದು ಸುತ್ತು ಹಾಕಿ, "ಏನ್ ಅಳಿಯಂದ್ರೇ, ಅಂಗನವಾಡಿಗೆ ಕೊಡ್ತಿದೀರಾ?" ಅಂದರು. ಅವರ ಅಜ್ಞಾನ ಕಳೆಯಲು ಕಾಫಿ ಲೋಟ ಹಿಡಿದು ನಾನೇ ಕೂತು ತೋರಿಸಿದೆ. ಆ ಆಸನ ಹಿಂದಕ್ಕೆ ಇಳಿಜಾರು. ಸೊಂಟ ಕೆಳಗೆ ಹೋಯಿತು, ಮೊಣಕಾಲು ಎದೆಯತ್ತ ಬಂತು, ಕಾಫಿ ಅಂಗಿಗೆ ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಮದುವೆ ಕರೆಯೋಲೆ, ಅಕ್ಷತೆ ಬಟ್ಟಲು ಹಿಡಿದ ದಂಪತಿ. ಏಳಲು ಹೋದೆ. ಹಿಂದಿನಿಂದ "ಚರ್ರ್" ಅಂತ ಸದ್ದು. ನಾನು ಎದ್ದರೂ ಪಂಚೆ ಏಳುವ ಲಕ್ಷಣ ಕಾಣಲಿಲ್ಲ. ಥಟ್ಟನೆ ಮತ್ತೆ ಕೂತು, ಕೂತಲ್ಲಿಂದಲೇ ಕೈ ಮುಗಿದೆ.

"ಸೊಂಟ ಹಿಡ್ಕೊಂಡಿದ್ಯಾ ಸಾರ್?" ಬಂದವರು ಮರುಗಿದರು.

"ಇಲ್ಲ," ಅಂದರು ಮಾವ, "ಕುರ್ಚಿ ಹಿಡ್ಕೊಂಡಿದೆ."

ಆಗ ಆ ಪುಣ್ಯಾತ್ಮರು, ನಾನು ತಿಂಗಳಿಂದ ಕಾಯುತ್ತಿದ್ದ ಪ್ರಶ್ನೆ ಕೇಳಿದರು: "ಇದೇನ್ ಸಾರ್ ಇದು?" ಎದ್ದು ಹೋಗುವಂತಿಲ್ಲವಲ್ಲ, ಉಟ್ರೆಕ್ಟ್‌ನಿಂದ ಶುರುಮಾಡಿದೆ. ಹಳದಿ ತುದಿಗಳಿಗೆ ಬರುವಷ್ಟರಲ್ಲಿ ಅವರಿಗೆ ಇನ್ನೂ ಹದಿನೆಂಟು ಮನೆ ಬಾಕಿ ಇರುವುದು ನೆನಪಾಯಿತು. ಅವರು ಗೇಟು ದಾಟಿದ ಮೇಲೆ ಹೆಂಡತಿ ಕತ್ತರಿ ತಂದಳು.

ಕುರ್ಚಿ ಈಗಲೂ ಹಾಲ್‌ನಲ್ಲೇ ಇದೆ. ನೀಲಿ ಹಲಗೆಯ ಮೇಲೆ ಪಂಚೆಯ ನೇಯ್ಗೆ ಎಳೆ ಎಳೆಯಾಗಿ ಅಚ್ಚೊತ್ತಿದೆ. ಜರಿ ಅಂಚಿನದೊಂದು ತುಂಡು ಎಷ್ಟು ಕೆರೆದರೂ ಬಂದಿಲ್ಲ. ಹಿಂದೆ ಎರಡಿಂಚು ಏರಿಸಿ ಒಂದು ದಿಂಬು ಹಾಕಿದರೆ ಮನುಷ್ಯರು ಕೂರಬಹುದು ಎಂಬುದು ಆಚಾರ್ರ ಅಭಿಪ್ರಾಯ.

ಕಲಾಸಕ್ತರು ಯಾರಾದರೂ ಇದ್ದರೆ ಬಂದು ಧಾರಾಳವಾಗಿ ಒಯ್ಯಬಹುದು, ದುಡ್ಡು ಬೇಡ. ಬರುವಾಗ ಒಂದು ಮಂಚ ತನ್ನಿ. ಮಾವ ಇನ್ನೂ ಹತ್ತು ದಿನ ಇರುತ್ತಾರಂತೆ, ಸದ್ಯಕ್ಕೆ ನನ್ನ ಹಾಸಿಗೆಯಲ್ಲಿ ಮಲಗಿದ್ದಾರೆ.